ಹೊಸ ಸರಕು ಹಡಗಿಗೆ ಕ್ಲಾಸ್: ಬಣ್ಣ ಬಳಿಯುವ ಮೊದಲು ನೋಡಬೇಕಾದದ್ದು

ಮಲ್ಪೆಯ ಯಾರ್ಡಿನಲ್ಲಿ ನಾರ್ವೆಯ ಮಾಲೀಕರಿಗಾಗಿ ಕಟ್ಟುವ 3,800 ಟನ್ ಡೆಡ್‌ವೆಯ್ಟಿನ (ಹೊರಬಲ್ಲ ತೂಕದ) ಸರಕು ಹಡಗನ್ನೇ ಕಣ್ಣ ಮುಂದಿಟ್ಟುಕೊಳ್ಳಿ. ಹಡಗು ನಿಯಮದಂತೆ ಕಟ್ಟಿದೆಯೇ ಎಂದು ನೋಡಿ ದೃಢೀಕರಿಸುವ ಸಂಸ್ಥೆಗೆ ಕ್ಲಾಸ್ ಎನ್ನುತ್ತಾರೆ, ಅದರ ಸರ್ವೇಯರ್ ಮಾಡುವ ತಪಾಸಣೆಯೇ ಸರ್ವೆ. ಇಂಥ ಹಡಗಿನ ಸರ್ವೆಯಲ್ಲಿ ಅರ್ಧ ಜಾಣತನ ಇರುವುದು ಯಾವುದನ್ನು ಯಾವಾಗ ನೋಡಬೇಕು ಎಂಬುದರಲ್ಲಿ. ಬಣ್ಣದ ಅಡಿಗೆ ಸೇರಿದ ವೆಲ್ಡು, ಮುಚ್ಚಿಹೋದ ಟ್ಯಾಂಕು ಮತ್ತೆ ಕೈಗೆ ಸಿಗುವುದಿಲ್ಲ.

ಮೊದಲು ಕಾಗದ. ಮಿಡ್‌ಶಿಪ್ ಸೆಕ್ಷನ್ (ನಡುಭಾಗದ ಅಡ್ಡಛೇದ), ಶೆಲ್ ಎಕ್ಸ್‌ಪ್ಯಾನ್ಶನ್ (ಹೊರಮೈ ಪ್ಲೇಟುಗಳ ಹರಡಿದ ನಕ್ಷೆ), ಬಲ್ಕ್‌ಹೆಡ್ (ಒಳಗಿನ ಅಡ್ಡಗೋಡೆ) ಡ್ರಾಯಿಂಗುಗಳು ಕ್ಲಾಸಿನ ಮುದ್ರೆ ಬಿದ್ದು ಬಂದಿರಬೇಕು. ಕೆಲಸದ ಜಾಗದಲ್ಲಿರುವ ಪ್ರತಿಯ ರಿವಿಜನ್ ನಂಬರನ್ನು ಅದಕ್ಕೆ ತಾಳೆ ನೋಡಿ. ಹಳೆಯ ರಿವಿಜನ್ ಹಿಡಿದು ಪ್ಲೇಟು ಕತ್ತರಿಸುವುದು ಅಪರೂಪವೇನಲ್ಲ. ತಪಾಸಣಾ ಪಟ್ಟಿಯಲ್ಲಿ ಸರ್ವೇಯರ್ ಬರದೆ ಮುಂದೆ ಹೋಗಬಾರದ ಹಂತಗಳನ್ನು ಯಾರ್ಡಿನೊಂದಿಗೆ ಕೂತು ಗುರುತು ಹಾಕಿಕೊಳ್ಳಿ. ದಿನಾಂಕಗಳ ವಿಷಯದಲ್ಲೂ ಎಚ್ಚರ ಬೇಕು: ಕ್ಲಾಸ್ ನಿಯಮಗಳಿಗೆ ಕಟ್ಟುವ ಕರಾರಿನ ದಿನ ಲೆಕ್ಕ, ಸೋಲಾಸ್‌ಗೆ (ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ಸಾಮಾನ್ಯವಾಗಿ ಕೀಲ್, ಅಂದರೆ ಹಡಗಿನ ತಳದ ಬೆನ್ನೆಲುಬು, ಇಟ್ಟ ದಿನ. ಕೀಲ್ ಇಟ್ಟಂತಾಗಲು 50 ಟನ್ ಅಥವಾ ಅಂದಾಜು ಉಕ್ಕಿನ ಶೇ. 1, ಇವೆರಡರಲ್ಲಿ ಕಡಿಮೆಯಾದಷ್ಟು ಜೋಡಣೆಯಾಗಿರಬೇಕು.

ಪ್ಲೇಟು ಗೇಟು ದಾಟಿದಾಗ ಮೇಲಿನ ಹೀಟ್ (ಒಮ್ಮೆಗೆ ಕರಗಿಸಿದ ಉಕ್ಕಿನ) ನಂಬರನ್ನೂ ಮಿಲ್ ಸರ್ಟಿಫಿಕೇಟನ್ನೂ ಹೋಲಿಸಿ. ಮಾಮೂಲು ಉಕ್ಕಿನ ಎ, ಬಿ, ಡಿ, ಇ ನಾಲ್ಕು ದರ್ಜೆಗಳಿಗೂ ಈಲ್ಡ್ (ಶಾಶ್ವತವಾಗಿ ಬಗ್ಗಲು ಬೇಕಾದ ಒತ್ತಡ) ಕನಿಷ್ಠ 235 ನ್ಯೂಟನ್/ಚ.ಮಿ.ಮೀ.; ವ್ಯತ್ಯಾಸ ಇರುವುದು ಚಳಿಯಲ್ಲಿ ಬಿರುಕು ತಡೆಯುವ ಗುಣದಲ್ಲಿ. ಬಿ ದರ್ಜೆ 0 ಡಿಗ್ರಿಯಲ್ಲಿ, ಡಿ ಮೈನಸ್ 20ರಲ್ಲಿ, ಇ ಮೈನಸ್ 40ರಲ್ಲಿ ಚಾರ್ಪಿ ಪರೀಕ್ಷೆಯಲ್ಲಿ (ಕಚ್ಚು ಹಾಕಿದ ತುಂಡನ್ನು ಸುತ್ತಿಗೆಯಿಂದ ಹೊಡೆದು ಮುರಿಯುವುದು) ಕನಿಷ್ಠ 27 ಜೂಲ್ ಕೊಡಬೇಕು. ಎಡವಟ್ಟು ಆಗುವುದು ಉಳಿಕೆ ತುಂಡಿನಲ್ಲಿ. ದೊಡ್ಡ ಪ್ಲೇಟು ಕತ್ತರಿಸಿದ ಮೇಲೆ ನಂಬರನ್ನು ತುಂಡಿಗೂ ಬರೆಯದಿದ್ದರೆ ಅದು ಯಾವ ದರ್ಜೆಯದೆಂದು ಯಾರಿಗೂ ಗೊತ್ತಾಗುವುದಿಲ್ಲ. ಡಿ ಇರಬೇಕಾದಲ್ಲಿ ಎ ತುಂಡಿನ ಬ್ರಾಕೆಟ್ ಕೂರುವುದು ಹೀಗೆ.

ಫಿಟ್‌ಅಪ್ (ಭಾಗಗಳನ್ನು ಬೆಸೆಯಲು ಜೋಡಿಸಿಟ್ಟ ರೀತಿ) ನೋಡುವುದು ವೆಲ್ಡಿಂಗಿಗೆ ಮುಂಚೆ, ಸಂದು ಅಳೆಯುವ ಫೀಲರ್ ಗೇಜು ಕೈಯಲ್ಲಿ ಹಿಡಿದು. ಫಿಲೆಟ್ ಕೀಲಿನಲ್ಲಿ (ಒಂದು ಪ್ಲೇಟಿನ ಮೇಲೆ ಇನ್ನೊಂದನ್ನು ನಿಲ್ಲಿಸಿ ಮೂಲೆಯಲ್ಲಿ ಬೆಸೆಯುವುದು) ಸಂದು 2 ಮಿ.ಮೀ. ಒಳಗಿರಬೇಕು, 3 ಮಿ.ಮೀ.ವರೆಗೆ ನಡೆಯುತ್ತದೆ, ಅದಕ್ಕೂ ಮೀರಿ 5ರವರೆಗೆ ಹೋದರೆ ವೆಲ್ಡಿನ ಲೆಗ್ (ಬದಿಯ ಅಳತೆ) ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು. ಕೈಯಲ್ಲಿ ಬೆಸೆಯುವ ಬಟ್ ವೆಲ್ಡಿನಲ್ಲಿ (ಅಂಚಿಗೆ ಅಂಚು ಕೂಡಿಸುವುದು) ರೂಟ್ ಗ್ಯಾಪ್, ಅಂದರೆ ಅಂಚುಗಳ ನಡುವಿನ ಸಂದು, 5 ಮಿ.ಮೀ. ದಾಟಿದರೆ ಅಂಚನ್ನು ವೆಲ್ಡಿನಿಂದ ಕಟ್ಟಿ ಬೆಳೆಸಬೇಕು, 25 ಮಿ.ಮೀ. ಅಥವಾ ದಪ್ಪದ ಒಂದೂವರೆ ಪಟ್ಟು, ಇವೆರಡರಲ್ಲಿ ಕಡಿಮೆಯಾದದ್ದನ್ನು ದಾಟಿದರೆ ಕನಿಷ್ಠ 300 ಮಿ.ಮೀ. ಅಗಲದ ಇನ್ಸರ್ಟ್ ಪ್ಲೇಟು (ನಡುವೆ ಕೂರಿಸುವ ಹೊಸ ತುಂಡು). ಸಂದಿಗೆ ರಾಡ್ ತುರುಕಿ ಮೇಲೆ ಒಂದು ರನ್ ಎಳೆದುಬಿಟ್ಟರೆ ಹೊರಗಿನಿಂದ ಚೆಂದವಾಗೇ ಕಾಣುತ್ತದೆ, ಒಳಗೆ ಟೊಳ್ಳು. ಮುಖ್ಯ ಬಲದ ಭಾಗಗಳಲ್ಲಿ ಬಟ್ ಕೀಲಿನ ಏರುಪೇರು ದಪ್ಪದ 0.15 ಪಾಲು ಮೀರಬಾರದು. 12 ಮಿ.ಮೀ. ಪ್ಲೇಟಿಗೆ ಅಂದರೆ 1.8 ಮಾತ್ರ. ಎಕ್ಸ್‌ರೇ, ಅಲ್ಟ್ರಾಸೋನಿಕ್ ಪರೀಕ್ಷೆಯ ಜಾಗಗಳನ್ನು ಸರ್ವೇಯರೇ ಆರಿಸಲಿ. ಬಟ್ಟೂ ಸೀಮೂ (ಉದ್ದಕ್ಕೆ ಹೋಗುವ ಬೆಸುಗೆ) ಅಡ್ಡ ಸೇರುವ ಜಾಗ ಮೊದಲು.

ಟ್ಯಾಂಕಿನ ಗಾಳಿ ಪರೀಕ್ಷೆಯಲ್ಲಿ ಆತುರ ಬೇಡ. ಕೈಯಲ್ಲಿ ಬೆಸೆದ ಕೀಲುಗಳ ಮೇಲೆ ಶಾಪ್ ಪ್ರೈಮರ್ (ಪ್ಲೇಟಿಗೆ ಮೊದಲೇ ಬಳಿದ ತೆಳು ಲೇಪ) ಬಿಟ್ಟು ಬೇರೆ ಬಣ್ಣ ಇರಬಾರದು. ಸೂಜಿಮೊನೆಯಷ್ಟು ತೂತನ್ನು ಬಣ್ಣ ಮುಚ್ಚಿಬಿಡುತ್ತದೆ. ಒತ್ತಡವನ್ನು 0.20 ಬಾರ್‌ಗೆ ಏರಿಸಿ ಸುಮಾರು ಒಂದು ಗಂಟೆ ಬಿಡಿ, ಆಗ ಹತ್ತಿರ ಜನ ಕಡಿಮೆ ಇರಲಿ. ಆಮೇಲೆ 0.15ಕ್ಕೆ ಇಳಿಸಿ ಸೋಪ್ ನೀರು ಹಚ್ಚಿ. ಗೇಜು ಇದ್ದರೂ ನೀರಿನ ಯು-ಟ್ಯೂಬ್ (ಯು ಆಕಾರದ ಕೊಳವೆ) ಕಟ್ಟಿ. 0.15 ಬಾರ್ ಎಂದರೆ ಸುಮಾರು ಒಂದೂವರೆ ಮೀಟರ್ ನೀರು, 0.20 ಎಂದರೆ ಎರಡು ಮೀಟರ್. ಒತ್ತಡ ಮೀರಿದರೆ ನೀರು ಹಾರಿಹೋಗಿ ಟ್ಯಾಂಕ್ ಉಳಿಯುತ್ತದೆ. 0.20 ಬಾರ್ ನೋಡಲು ಚಿಕ್ಕದು, ಆದರೆ ಚದರ ಮೀಟರಿಗೆ 2 ಟನ್: 10 ಮೀ. × 5 ಮೀ. ಟ್ಯಾಂಕ್ ಟಾಪಿನ ಮೇಲೆ 100 ಟನ್ ಬೀಳುತ್ತದೆ. ದೊಡ್ಡ ಸೋರಿಕೆ ತಕ್ಷಣ ಗುಳ್ಳೆ ಎಬ್ಬಿಸುತ್ತದೆ. ಸಣ್ಣದು ನಿಧಾನಕ್ಕೆ ಬಿಳಿ ನೊರೆಯ ಗೊಂಚಲಾಗುತ್ತದೆ, ಅದಕ್ಕೆ ಸೋಪ್ ಹಚ್ಚಿ ಹಿಂದಕ್ಕೆ ಬಂದು ಟಾರ್ಚು ಹಿಡಿದು ಇನ್ನೊಮ್ಮೆ ನೋಡಿ. ಸ್ಟಿಫನರ್ (ಪ್ಲೇಟು ಬಿಗಿಗೊಳಿಸುವ ಪಟ್ಟಿ) ಬಲ್ಕ್‌ಹೆಡ್ ತೂರುವ ಮೂಲೆ, ಸ್ಕಾಲಪ್ಪಿನ (ಬೆಸುಗೆ ಹಾಯಲು ಕತ್ತರಿಸಿದ ದುಂಡು ಕಚ್ಚು) ಸುತ್ತ ಸೋರಿಕೆ ಹೆಚ್ಚು ಸಿಗುತ್ತದೆ. ಹೋಸ್ ಪರೀಕ್ಷೆಗೆ (ಕೀಲಿನ ಮೇಲೆ ನೀರು ಚಿಮ್ಮಿಸಿ ನೋಡುವುದು) ಕನಿಷ್ಠ 12 ಮಿ.ಮೀ. ನಾಜಲ್, ಕನಿಷ್ಠ 2 ಬಾರ್, 1.5 ಮೀಟರಿಗಿಂತ ದೂರ ನಿಲ್ಲಬಾರದು.

ಎಂಜಿನ್ ಸರಳ. ಫಿಕ್ಸೆಡ್ (ಅಲಗಿನ ಕೋನ ಬದಲಾಗದ) ಪ್ರೊಪೆಲ್ಲರನ್ನು ನೇರ ತಿರುಗಿಸುವ ಡೀಸೆಲ್ ಆದರೆ ಸಮುದ್ರದಲ್ಲಿ ರೇಟೆಡ್ (ಎಂಜಿನ್ನಿಗೆ ನಿಗದಿಯಾದ) ವೇಗದಲ್ಲಿ ಕನಿಷ್ಠ 4 ಗಂಟೆ ಓಡಿಸಬೇಕು, ಹಿಮ್ಮುಖ 70 ಶೇಕಡಾ ವೇಗದಲ್ಲಿ 10 ನಿಮಿಷ. ಹಿಮ್ಮುಖ ತಿರುಗುವ ಎಂಜಿನ್ನಿಗೆ ಗಾಳಿ ಬಾಟಲಿಯನ್ನು ನಡುವೆ ಮತ್ತೆ ತುಂಬದೆ 12 ಸ್ಟಾರ್ಟು ಆಗಬೇಕು. ಸ್ಟೀರಿಂಗಿನ ಚುಕ್ಕಾಣಿ ಪೂರ್ಣ ವೇಗದಲ್ಲಿ ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30ಕ್ಕೆ 28 ಸೆಕೆಂಡಿನೊಳಗೆ ಬರಬೇಕು.

ತೂಕ ಸರಿಸಿ ಹಡಗಿನ ಸ್ಥಿರತೆ ಅಳೆಯುವ ವಾಲಿಸುವ ಪರೀಕ್ಷೆ ಬೆಳಗಿನ ಗಾಳಿಯಿಲ್ಲದ ಹೊತ್ತಿಗೆ ಇಡಿ. ಹಡಗು 1ರಿಂದ 4 ಡಿಗ್ರಿ ವಾಲಬೇಕು, ಲೋಲಕ ಕನಿಷ್ಠ 15 ಸೆಂ.ಮೀ. ಸರಿಯಬೇಕು. ಒಂದೂವರೆ ಡಿಗ್ರಿಗೆ ಅಷ್ಟು ಬರಲು ದಾರ 5.7 ಮೀಟರ್ ಆದರೂ ಬೇಕು. ಲೋಲಕದ ಗುಂಡು ಎಣ್ಣೆಯ ತೊಟ್ಟಿಯಲ್ಲಿ ಮುಳುಗಿರಲಿ, ಹಡಗು ಕಟ್ಟಿದ ಹಗ್ಗಗಳು ಸಡಿಲವಾಗಿರಲಿ, ಟ್ಯಾಂಕುಗಳು ತುಂಬಿ ತುಳುಕುವಂತೆ ಅಥವಾ ಪೂರ್ತಿ ಖಾಲಿ. ಅರ್ಧ ತುಂಬಿದ ಒಂದೇ ಟ್ಯಾಂಕ್ ಲೆಕ್ಕ ಕೆಡಿಸಲು ಸಾಕು.

ಲೋಡ್‌ಲೈನ್ (ಹಡಗು ಎಷ್ಟು ಆಳ ಮುಳುಗಬಹುದೆಂದು ತೋರಿಸುವ ಗುರುತು) ಬಳೆಯ ಹೊರವ್ಯಾಸ 300 ಮಿ.ಮೀ., ಗೆರೆಯ ದಪ್ಪ 25. ಇವನ್ನು ಬಣ್ಣದಲ್ಲಿ ಬರೆದರೆ ಸಾಲದು, ಪ್ಲೇಟಿಗೆ ಶಾಶ್ವತವಾಗಿ ಗುರುತು ಹಾಕಿರಬೇಕು.

ಎಲ್ಲ ಮುಗಿದಾಗ ಸರ್ವೇಯರ್ ಸ್ಥಳದಲ್ಲೇ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ, ಕಚೇರಿಯಿಂದ ಬರುವ ಪೂರ್ಣ ಸರ್ಟಿಫಿಕೇಟಿನ ಅವಧಿ 5 ವರ್ಷ. ಲಾಯ್ಡ್ಸ್ ರಿಜಿಸ್ಟರ್ ಎಂಬ ಕ್ಲಾಸ್ ಸಂಸ್ಥೆಯ 100ಎ1 ದರ್ಜೆಯ ಮುಂದಿನ ಮಾಲ್ಟಾ ಶಿಲುಬೆ ಎಂದರೆ ಕಟ್ಟುವಾಗಲೇ ಅವರ ಕಣ್ಣಿನಡಿ ಇತ್ತು ಎಂದರ್ಥ. ಮುಗಿಯದ ಕೆಲಸವಿದ್ದರೆ ಷರತ್ತಾಗಿ, ಕೊನೆಯ ದಿನಾಂಕದೊಂದಿಗೆ ಬರೆಸಿ. ವಾರ್ಷಿಕ ಸರ್ವೆ ವಾರ್ಷಿಕ ದಿನದ ಹಿಂದೆಮುಂದೆ 3 ತಿಂಗಳೊಳಗೆ ಬರುತ್ತದೆ, ಷರತ್ತಿನ ಗಡುವು ಅದಕ್ಕೂ ಮುಂಚೆ ಬೀಳಬಹುದು.