ಕಾರ್ನ್‌ವಾಲ್ ಹಳ್ಳಿಯಲ್ಲಿ ಕೊನೆಯ ತೆನೆಯ ಕೂಗು: ನನ್ನ ಅನುಭವ

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಗೋಧಿ ಕೊಯ್ಲು ಮುಗಿಯುವಾಗ ಒಂದು ಆಚರಣೆ ಇದೆ. ಹೊಲದಲ್ಲಿ ಉಳಿದ ಕೊನೆಯ ಹಿಡಿ ತೆನೆಯನ್ನು ಕೊಯ್ದು, ತಲೆ ಮೇಲೆ ಎತ್ತಿ ಹಿಡಿದು, ಒಬ್ಬರು ಜೋರಾಗಿ ಕೂಗುತ್ತಾರೆ. ಸುತ್ತ ನಿಂತವರು ತಿರುಗಿ ಕೂಗುತ್ತಾರೆ. ‘ಕ್ರೈಯಿಂಗ್ ದ ನೆಕ್’ ಅಂತ ಇದರ ಹೆಸರು. ಆ ಹಿಡಿ ತೆನೆಯೇ ‘ನೆಕ್’. ನಮ್ಮ ಹಳ್ಳಿಯಲ್ಲೂ ಇದನ್ನು ಮಾಡೋಣ ಅಂತ ಊರಿನ ಕಮಿಟಿ ತೀರ್ಮಾನಿಸಿದಾಗ ಹೊಲದ ಕಡೆಯ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ನಾನು ಇಲ್ಲಿಗೆ ಬಂದದ್ದು ಆಸ್ಪತ್ರೆ ಕೆಲಸಕ್ಕೆ. ಆದರೆ ಗದಗ ಕಡೆಯ ಒಕ್ಕಲುತನದ ಮನೆಯವಳು ಅಂತ ಎಲ್ಲರಿಗೂ ಗೊತ್ತಿತ್ತು. ಕಮಿಟಿಯಲ್ಲಿ ಉಳಿದವರಲ್ಲಿ ಕುಡುಗೋಲು ಹಿಡಿದವರು ಯಾರೂ ಇರಲಿಲ್ಲ.

ಹೊರಗಿನವಳು ನಾನು, ನನಗೇಕೆ ಇದು ಅಂತ ಮೊದಲು ಸ್ವಲ್ಪ ಹಿಂಜರಿದೆ. ಊರಿನ ಹಿರಿಯರೊಬ್ಬರು ಅದನ್ನು ಒಂದೇ ಮಾತಿನಲ್ಲಿ ಬಗೆಹರಿಸಿದರು. ನಾನು ಕರ್ನಾಟಕದವಳು ಅಂದ ಕೂಡಲೇ ಅವರು ಕೇಳಿದ್ದು, ‘ಕೋಲಾರದ ಹತ್ತಿರಾನಾ?’ ಅಂತ. ಇಲ್ಲಿನ ತಾಮ್ರ, ತವರದ ಗಣಿಗಳು ಸೋತಾಗ ಗಣಿ ಕೆಲಸಗಾರರು ದೇಶದೇಶಕ್ಕೆ ಹೋದರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿ ನಡೆಸಲು ಶುರು ಮಾಡಿದ ಮೇಲೆ ಅಲ್ಲಿಗೂ ಹೋದರು. ‘ನಮ್ಮವರು ನಿಮ್ಮೂರಲ್ಲಿ ದುಡಿದರು, ನೀನು ಇಲ್ಲಿ ದುಡಿ’ ಅಂದರು ಅಜ್ಜ. ಮುಗೀತು.

ಈ ಆಚರಣೆಯನ್ನು ನಾವೇನೂ ಹೊಸದಾಗಿ ಹುಡುಕಿ ತರಬೇಕಿರಲಿಲ್ಲ. ಯಂತ್ರ ಬಂದ ಮೇಲೆ ಇದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. 1920ರಲ್ಲಿ ಸೇಂಟ್ ಐವ್ಸ್‌ನಲ್ಲಿ ಹಳೆಯ ಆಚರಣೆಗಳನ್ನು ಉಳಿಸಲು ಮೊದಲ ‘ಓಲ್ಡ್ ಕಾರ್ನ್‌ವಾಲ್ ಸೊಸೈಟಿ’ ಹುಟ್ಟಿತು. ಆಮೇಲೆ ಊರೂರಲ್ಲಿ ಅಂಥ ಸಂಘಗಳಾದವು. 1924ರಲ್ಲಿ ಅವೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಕೊನೆಯ ತೆನೆಯ ಕೂಗನ್ನು ಮತ್ತೆ ಹೊಲಕ್ಕೆ ತಂದವರು ಇವರೇ. ಇಂದಿಗೂ ಹಲವು ಊರುಗಳಲ್ಲಿ ಅವರೇ ನಡೆಸುತ್ತಾರೆ. ನಿಮ್ಮೂರಲ್ಲಿ ಮಾಡುವ ಮುಂಚೆ ಅಂಥ ಒಂದು ಊರಿಗೆ ಹೋಗಿ ಸುಮ್ನೆ ನಿಂತು ನೋಡಿ. ನೋಡಿದಾಗ ನನಗೆ ಆಶ್ಚರ್ಯವಾದದ್ದು ಒಂದೇ: ಇಡೀ ಆಚರಣೆ ಹತ್ತು ನಿಮಿಷವೂ ಇಲ್ಲ. ಆ ಹತ್ತು ನಿಮಿಷಕ್ಕೆ ತಯಾರಿ ಮಾತ್ರ ಒಂದು ವರ್ಷದ್ದು.

ವರ್ಷ ಯಾಕೆ ಬೇಕು ಅಂದರೆ, ಗೋಧಿ. ಕಾರ್ನ್‌ವಾಲ್‌ನ ಪಶ್ಚಿಮ ತುದಿಯಲ್ಲಿ ಹೈನುಗಾರಿಕೆ, ಹೂಕೋಸು, ಆಲೂಗಡ್ಡೆ, ಡ್ಯಾಫೊಡಿಲ್ ಹೂವು ಇವೇ ಜಾಸ್ತಿ. ಗೋಧಿ ಬೆಳೆಯುವವರನ್ನು ಹುಡುಕಬೇಕು. ಸಿಕ್ಕಿದರೂ ಈಗಿನ ಗೋಧಿ ಗಿಡ್ಡ ತಳಿ. ಮಳೆ ಗಾಳಿಗೆ ಮಲಗಬಾರದು ಅಂತ ಹಾಗೆ ಬೆಳೆಸಿದ್ದಾರೆ. ಯಂತ್ರಕ್ಕೆ ಅದು ಒಳ್ಳೆಯದು. ನಮಗೆ ಅದರಿಂದ ಉಪಯೋಗವಿಲ್ಲ. ಎತ್ತಿ ಹಿಡಿದರೆ ಕಾಣುವುದಿಲ್ಲ, ಹೆಣೆಯಲು ಹೋದರೆ ಕಡ್ಡಿ ಮುರಿಯುತ್ತದೆ. ಅದಕ್ಕೆ ಮ್ಯಾರಿಸ್ ವಿಜನ್ ಅನ್ನುವ ತಳಿ ಬೇಕು. 1960ರ ದಶಕದ ತಳಿ ಅದು. ಎತ್ತರವಾಗಿ ಬೆಳೆಯುತ್ತದೆ, ಕಡ್ಡಿ ಒಳಗೆ ಟೊಳ್ಳು. ಹುಲ್ಲಿನ ಚಾವಣಿ ಹೊದಿಸುವವರು, ಹುಲ್ಲಿನ ಗೊಂಬೆ ಹೆಣೆಯುವವರು ಇನ್ನೂ ಇದನ್ನೇ ಬಳಸುವುದರಿಂದ ಬೀಜ ಉಳಿದುಕೊಂಡಿದೆ. ಚಳಿಗಾಲದ ಗೋಧಿಯಾದ್ದರಿಂದ ಅಕ್ಟೋಬರ್ ಸುಮಾರಿಗೆ ಬಿತ್ತಬೇಕು. ಅಂದರೆ ಮುಂದಿನ ಆಗಸ್ಟ್‌ನ ಹಬ್ಬಕ್ಕೆ ಹಿಂದಿನ ಶರತ್ಕಾಲದಲ್ಲೇ ರೈತರನ್ನು ಒಪ್ಪಿಸಬೇಕು.

ಒಪ್ಪಿಸುವುದು ಹೇಗೆ? ಕಾಗದ ಬರೆದರೆ ಆಗುವುದಿಲ್ಲ. ಹಾಲು ಕರೆಯುವ ಹೊತ್ತು ಬಿಟ್ಟು ಅವರ ಮನೆಗೇ ಹೋಗಬೇಕು. ನಾನು ಕೇಳಿದ್ದು ಇಷ್ಟೇ: ಗೇಟಿನ ಹತ್ತಿರ, ಬದುವಿನ ಪಕ್ಕ, ನಾಲ್ಕು ಹೆಜ್ಜೆ ಅಗಲದ ಒಂದು ಪಟ್ಟಿ. ಯಂತ್ರ ತಿರುಗುವ ಮೂಲೆಯಲ್ಲಿ ಕೇಳಬೇಡಿ, ಯಾವ ರೈತರೂ ಕೊಡುವುದಿಲ್ಲ. ನಾನು ಬದು ಅಂದದ್ದು ಇಲ್ಲಿ ‘ಹೆಡ್ಜ್’. ಎರಡೂ ಕಡೆ ಕಲ್ಲು ಕಟ್ಟಿ ನಡುವೆ ಮಣ್ಣು ತುಂಬಿದ್ದು. ಕೆಲವು ಸಾವಿರಾರು ವರ್ಷ ಹಳೆಯವು. ಜನ ಅದರ ಮೇಲೆ ಹತ್ತಿ ನಿಂತು ನೋಡುತ್ತಾರೆ, ಕಲ್ಲು ಜಾರುತ್ತದೆ. ಆದ್ದರಿಂದ ಅಲ್ಲಿ ಒಬ್ಬರನ್ನು ಕಾವಲಿಗೆ ನಿಲ್ಲಿಸಲೇಬೇಕು.

ಇನ್ನು ದಿನಾಂಕ. ಕಮಿಟಿಯವರಿಗೆ ಪೋಸ್ಟರ್ ಹಾಕಲು ದಿನಾಂಕ ಬೇಕು. ರೈತರಿಗೆ ಬಿಸಿಲು ಬೇಕು. ಕಾರ್ನ್‌ವಾಲ್‌ನ ಆಗಸ್ಟ್‌ನಲ್ಲಿ ಸಮುದ್ರದಿಂದ ಮಂಜು ಬಂದು ಎರಡು ಮೂರು ದಿನ ಜಿಟಿಜಿಟಿ ಹಿಡಿದರೆ ಕಟಾವು ನಿಂತಿತು. ಕಟಾವಿನ ಮಷಿನ್ ಬಾಡಿಗೆಯದು. ಅದು ಬರುವ ದಿನ ರೈತರ ಕೈಯಲ್ಲೂ ಇಲ್ಲ. ನಾವು ಮಾಡಿದ್ದು ಹೀಗೆ: ಇಡೀ ಹೊಲ ಅವರ ಅನುಕೂಲಕ್ಕೆ ಕೊಯ್ಯಲಿ, ನಮ್ಮ ಪಟ್ಟಿ ಮಾತ್ರ ನಿಂತಿರಲಿ. ಆಮೇಲೆ ಹತ್ತಿರದ ಶನಿವಾರಕ್ಕೆ ಕೂಗು. ಪೋಸ್ಟರಿನಲ್ಲಿ ದಿನಾಂಕದ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿಸಿ, ಆಮೇಲೆ ಕೈಯಲ್ಲಿ ಬರೆದೆವು. ಇದನ್ನು ಕೊಯ್ಲು ಮುಗಿದ ದಿನವೇ ಮಾಡಬೇಕು ಅನ್ನುವ ಹಟದವರು ನಿಮ್ಮ ಕಮಿಟಿಯಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಹವಾಮಾನದ ಜವಾಬ್ದಾರಿ ಕೊಡಿ, ಸುಮ್ಮನಾಗುತ್ತಾರೆ.

ನಿಂತ ಪಟ್ಟಿಯನ್ನು ಜಾಸ್ತಿ ದಿನ ಬಿಡುವ ಹಾಗೂ ಇಲ್ಲ. ಸುತ್ತಲಿನ ಬೆಳೆ ಹೋದ ಮೇಲೆ ಕಾಗೆ, ಪಾರಿವಾಳಕ್ಕೆ ಉಳಿದಿರುವುದು ಅದೊಂದೇ. ಮಳೆ ಹಿಡಿದರೆ ತೆನೆಯಲ್ಲೇ ಕಾಳು ಮೊಳಕೆ ಬರುತ್ತದೆ. ಒಂದು ವಾರ ಸರಿ, ಎರಡು ವಾರ ಅಂದರೆ ಬಲೆ ಹೊದಿಸಬೇಕು.

ಹೆಣಿಗೆಗೆ ಬೇರೆ ಹುಲ್ಲು ಮುಂಚೆಯೇ ತೆಗೆದಿಡಬೇಕು. ಇದನ್ನು ನನಗೆ ಕಲಿಸಿದ್ದು ಪಕ್ಕದ ಊರಿನ ಅಜ್ಜಿ. ತೆನೆ ಪೂರ್ತಿ ಮಾಗಿದ ಮೇಲೆ ಕೊಯ್ದರೆ ಕಡ್ಡಿ ಪೆಡಸಾಗುತ್ತದೆ. ಕಡ್ಡಿ ಹೊಂಬಣ್ಣಕ್ಕೆ ತಿರುಗಿ ಗಿಣ್ಣು ಇನ್ನೂ ಹಸಿರಾಗಿರುವಾಗ ಕೊಯ್ಯಬೇಕು. ಮೇಲಿನ ಗಿಣ್ಣಿನಿಂದ ತೆನೆವರೆಗಿನ ಭಾಗ ಮಾತ್ರ ಹೆಣೆಯಲು ಬರುತ್ತದೆ. ಅದರ ಮೇಲಿನ ಒಣ ಎಲೆಯ ಸಿಪ್ಪೆ ಸುಲಿದು, ಅರ್ಧ ಗಂಟೆ ನೀರಲ್ಲಿ ನೆನೆಸಿ, ಒದ್ದೆ ಟವೆಲ್‌ನಲ್ಲಿ ಸುತ್ತಿಡಬೇಕು. ಐದು ಕಡ್ಡಿಯನ್ನು ತೆನೆಯ ಕೆಳಗೆ ಬಿಗಿಯಾಗಿ ಕಟ್ಟಿ, ನಾಲ್ಕು ದಿಕ್ಕಿಗೆ ನಾಲ್ಕು ಬಗ್ಗಿಸಿ, ಐದನೆಯದನ್ನು ಎರಡರ ಮೇಲೆ ದಾಟಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ದಾಟಿಸುತ್ತಾ ಹೋದರೆ ಸುರುಳಿ ಸುರುಳಿಯಾಗಿ ಮೇಲೇಳುತ್ತದೆ. ಕಡ್ಡಿ ಮುಗಿದರೆ ಟೊಳ್ಳಿನೊಳಗೆ ಇನ್ನೊಂದು ತೆಳ್ಳನೆಯ ಕಡ್ಡಿ ತುರುಕಿದರಾಯಿತು. ಕೈ ಕೂತ ಮೇಲೆ ಟಿವಿ ನೋಡುತ್ತಾ ಹೆಣೆಯಬಹುದು. ಹೊಲದಲ್ಲಿ ಎತ್ತುವ ನೆಕ್ ಮಾತ್ರ ಆ ಕ್ಷಣ ಕೊಯ್ದದ್ದೇ ಇರಬೇಕು. ಅದಕ್ಕೆ ಬರೀ ರಿಬ್ಬನ್ ಕಟ್ಟಿ, ಬದುವಿನ ಹೂವು ಸಿಕ್ಕಿಸಿದರೆ ಸಾಕು. ಹೆಣೆದದ್ದು ಚರ್ಚಿಗೆ, ಮನೆಗಳಿಗೆ.

ಕೊಯ್ಯುವುದಕ್ಕೆ ಸೈತ್ ಬಳಸುತ್ತಾರೆ, ಅಂದರೆ ನಿಂತು ಎರಡೂ ಕೈಯಲ್ಲಿ ಬೀಸುವ ಉದ್ದ ಹಿಡಿಯ ದೊಡ್ಡ ಕುಡುಗೋಲು. ನೋಡಲು ಚೆಂದ. ಆದರೆ ಅದರ ಅಲಗು ಬೀಸುವ ಸುತ್ತಳತೆ ದೊಡ್ಡದು, ಮಕ್ಕಳು ನುಗ್ಗುತ್ತಾರೆ. ನಾವು ಸುತ್ತ ಹಗ್ಗ ಹಿಡಿಸಿದೆವು. ಸೈತ್ ಬೀಸಲು ಬಲ್ಲ ಒಬ್ಬ ಮುದುಕರು ಪಟ್ಟಿಯನ್ನೆಲ್ಲ ಕೊಯ್ದರು. ಕೊನೆಯ ಹಿಡಿಯನ್ನು ಎಡಗೈಯಲ್ಲಿ ಹಿಡಿದು ಸಣ್ಣ ಕುಡುಗೋಲಿನಿಂದ ಕೊಯ್ದರು. ಹಾಗೆ ಮಾಡಿ ಅಂತ ಹೇಳಿದ್ದು ನಾನು. ಸೈತ್‌ನಲ್ಲಿ ಕೊಯ್ದರೆ ತೆನೆ ನೆಲಕ್ಕೆ ಬೀಳುತ್ತದೆ. ಬಿದ್ದದ್ದನ್ನು ಆರಿಸಿ ಎತ್ತುವುದು ನನಗೆ ಯಾಕೋ ಸರಿ ಕಾಣಲಿಲ್ಲ.

ಈಗ ಕೂಗಿನ ವಿಷಯ. ಕೊಯ್ದವರು ಮೂರು ಸಲ ಕೂಗಬೇಕು, ‘ಐ ಆವ್ ಅನ್!’ ಅಂತ. ಸಿಕ್ಕಿತು ನನಗೆ ಅಂತ ಅರ್ಥ. ಜನ ಮೂರು ಸಲ, ‘ವಾಟ್ ಆವ್ ಈ?’ ಏನು ಸಿಕ್ಕಿತು? ಅವರು ಮತ್ತೆ ಮೂರು ಸಲ, ‘ಅ ನೆಕ್!’ ಆಮೇಲೆ ಎಲ್ಲರೂ ಸೇರಿ ನೆಕ್‌ಗೆ ಜೈಕಾರ, ಹೊಲದ ರೈತರ ಹೆಸರು ಹೇಳಿ ಜೈಕಾರ. ಇದು ಇಲ್ಲಿನ ಹಳ್ಳಿ ಇಂಗ್ಲಿಷ್. ಕಾರ್ನಿಶ್ ಭಾಷೆಯಲ್ಲೂ ಕೂಗುತ್ತಾರೆ. ಆ ಭಾಷೆ ಹದಿನೆಂಟನೇ ಶತಮಾನದ ಕೊನೆಗೆ ಆಡುಮಾತಾಗಿ ಕಣ್ಮರೆಯಾಗಿತ್ತು. ಪುಸ್ತಕಗಳಿಂದ ಎಬ್ಬಿಸಿ ಮತ್ತೆ ಮಾತಾಡುತ್ತಿದ್ದಾರೆ. 2002ರಲ್ಲಿ ಬ್ರಿಟಿಷ್ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ ಕಾರ್ನಿಶ್ ಬಲ್ಲ ಒಬ್ಬ ಮೇಷ್ಟ್ರು ಮೊದಲು ಅದರಲ್ಲಿ ಕೂಗಿದರು, ಆಮೇಲೆ ಹಳ್ಳಿ ಮಾತು.

ತಾಲೀಮಿನಲ್ಲಿ ಗೊತ್ತಾದದ್ದು, ಇವರಿಗೆ ಕೂಗಲು ನಾಚಿಕೆ! ಚರ್ಚಿನಲ್ಲಿ ಹಾಡುವವರು, ರಗ್ಬಿ ನೋಡುವಾಗ ಗಂಟಲು ಹರಿದುಕೊಳ್ಳುವವರು, ಹೊಲದ ಮಾತು ಬಂದಾಗ ಗುಣುಗುಣು ಅಂದರು. ಒಬ್ಬರು ಮೈಕ್ ಇಡೋಣ ಅಂದರು. ನಾನು ಖಡಾಖಂಡಿತ ಬೇಡ ಅಂದೆ. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಮುಂದಿನವರು ‘ಹುಲ್ಲುಲ್ಲಿಗೋ’ ಅಂದರೆ ಹಿಂದಿನವರು ‘ಚಲ್ಲಾಂಬ್ರಿಗೋ’ ಅಂತಾರಲ್ಲ, ಅದನ್ನು ಕೂಗಿ ತೋರಿಸಿದೆ. ಸಭಾಂಗಣದ ಕಿಟಕಿ ಅದುರಿತು. ಎಲ್ಲರೂ ನಕ್ಕರು. ನಕ್ಕ ಮೇಲೆ ಗಂಟಲು ಬಿಟ್ಟಿತು. ಹೊಲದ ದಿನ ಮಾತ್ರ ನನ್ನ ಚರಗದ ಕೂಗನ್ನು ತರಲಿಲ್ಲ. ಕೆಲವರು ಸೇರಿಸಿ ಅಂದರು, ನಾನೇ ಒಪ್ಪಲಿಲ್ಲ. ಅದು ಅವರ ಹೊಲ, ಅವರ ಕೂಗು. ಎರಡನ್ನೂ ಕಲಸಿದರೆ ಎರಡೂ ವೇಷ ಆಗುತ್ತದೆ.

ಮೈಕ್ ಇಲ್ಲದೆ ಕೇಳಿಸಬೇಕಾದರೆ ಗಾಳಿ ನೋಡಬೇಕು. ಕೂಗುವವರು ಗಾಳಿ ಬರುವ ಕಡೆ ನಿಂತರೆ ದನಿ ಜನರತ್ತ ಹೋಗುತ್ತದೆ. ನಾವು ಶಾಲೆ ಮಕ್ಕಳನ್ನು ಹೊಲದ ಆ ತುದಿಯ ಗೇಟಿನ ಹತ್ತಿರ ನಿಲ್ಲಿಸಿದೆವು. ಇಲ್ಲಿಂದ ಹೋದ ಕೂಗಿಗೆ ಅಲ್ಲಿಂದ ಚಿಕ್ಕ ದನಿಗಳಲ್ಲಿ ಉತ್ತರ ಬಂದಾಗ ದೊಡ್ಡವರೂ ನಾಚಿಕೆ ಬಿಟ್ಟು ಸೇರಿಕೊಂಡರು. ರೈತರ ಹೆಸರಿಗೆ ಜೈಕಾರ ಹಾಕಿದಾಗ ಆ ಮನುಷ್ಯ ಟೋಪಿ ತೆಗೆದು ಅದರೊಳಗೇ ನೋಡುತ್ತಾ ನಿಂತರು.

ಮಕ್ಕಳಿಗೆ ಇನ್ನೊಂದು ಆಟ ಸಿಕ್ಕಿತು. ಪಕ್ಕದ ಡೆವನ್ ಕಡೆಯ 1820ರ ದಶಕದ ಒಂದು ಬರಹದಲ್ಲಿದೆ: ಕೂಗಿದ ಮೇಲೆ ಒಬ್ಬ ಹುಡುಗ ನೆಕ್ ಹಿಡಿದು ರೈತರ ಮನೆಗೆ ಓಡಬೇಕು. ಬಾಗಿಲಲ್ಲಿ ಹಾಲಿನ ಕೆಲಸದ ಹುಡುಗಿ ಒಂದು ಬಕೆಟ್ ನೀರು ಹಿಡಿದು ಕಾಯುತ್ತಿರುತ್ತಾಳೆ. ಕಣ್ಣು ತಪ್ಪಿಸಿ ಒಳಗೆ ನುಗ್ಗಿದರೆ ಅವನಿಗೆ ಒಂದು ಮುತ್ತು, ಸಿಕ್ಕಿಬಿದ್ದರೆ ನೀರು. ಮುತ್ತು ಬಿಟ್ಟು ನೀರು ಉಳಿಸಿಕೊಂಡೆವು. ಸಭಾಂಗಣದ ಬಾಗಿಲಲ್ಲಿ ನಮ್ಮ ಪಾದ್ರಿಯಮ್ಮ ಬಕೆಟ್ ಹಿಡಿದು ನಿಂತಿದ್ದರು. ಯಾರನ್ನೂ ಒಣಗಿದ ಬಟ್ಟೆಯಲ್ಲಿ ಬಿಡಲಿಲ್ಲ.

ಕಾಗದಪತ್ರದ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಸಭಾಂಗಣದ ವಿಮೆ ಹೊಲಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಸಾರ್ವಜನಿಕರಿಗೆ ಏಟಾದರೆ ಅಂತ ಬೇರೆ ವಿಮೆ ಮಾಡಿಸಿ. ಊಟದ ಜೊತೆ ಸೈಡರ್ (ಸೇಬಿನ ಮದ್ಯ) ಮಾರುವುದಾದರೆ ಕೌನ್ಸಿಲ್‌ಗೆ ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್ ಕೊಡಬೇಕು. ಶುಲ್ಕ 21 ಪೌಂಡ್. ಕೆಲಸದ ದಿನ ಲೆಕ್ಕದಲ್ಲಿ 10 ದಿನ ಮುಂಚೆ ಕೊಡಬೇಕು. ಜನ 500ಕ್ಕಿಂತ ಕಡಿಮೆ ಇರಬೇಕು. ಕೂಗಿನ ದಿನ ಗೊತ್ತಿಲ್ಲದೆ ಇದನ್ನು ಕೊಡುವುದು ಹೇಗೆ? ನಾವು ಕೂಗನ್ನೂ ಊಟವನ್ನೂ ಬೇರೆ ಮಾಡಿದೆವು. ಕೂಗಿನ ದಿನ ಟೀ, ಬನ್ನು ಅಷ್ಟೇ. ದೊಡ್ಡ ಊಟ ಸೆಪ್ಟೆಂಬರ್ ಕೊನೆಗೆ, ಮೊದಲೇ ಗೊತ್ತುಮಾಡಿದ ದಿನ. ಸುಗ್ಗಿ ಮುಗಿದ ಆ ಊಟಕ್ಕೆ ಇಲ್ಲಿ ‘ಗುಲ್ಡೈಜ್’ ಅನ್ನುತ್ತಾರೆ.

ಚರ್ಚಿನ ಭಾಗಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚರ್ಚಿನಲ್ಲಿ ಸುಗ್ಗಿಯ ಕೃತಜ್ಞತಾ ಪ್ರಾರ್ಥನೆಯ ಈಗಿನ ರೂಪ ಶುರುವಾದದ್ದೇ ಕಾರ್ನ್‌ವಾಲ್‌ನಲ್ಲಿ. 1843ರಲ್ಲಿ ಮಾರ್ವೆನ್‌ಸ್ಟೋ ಊರಿನ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ ಅದನ್ನು ಮಾಡಿದರು. ಹೊಲದಿಂದ ಮೆರವಣಿಗೆಯಲ್ಲಿ ಹೋಗಿ ನೆಕ್ ಅನ್ನು ವೇದಿಕೆ ಮೇಲೆ ಇಟ್ಟರೆ ಉಳಿದದ್ದು ಅವರಿಗೆ ಗೊತ್ತು. ಊರಿನಲ್ಲಿ ಮೆಥಡಿಸ್ಟ್ ಚಾಪೆಲ್ ಕೂಡ ಇದ್ದರೆ ಇಬ್ಬರಿಗೂ ಒಟ್ಟಿಗೆ ಹೇಳಿ. ಒಬ್ಬರಿಗೆ ಮೊದಲು, ಇನ್ನೊಬ್ಬರಿಗೆ ಆಮೇಲೆ ಅಂತ ಆಗಬಾರದು. ನಮ್ಮೂರ ಗುಡಿ ರಾಜಕೀಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಊಟಕ್ಕೆ ಪೇಸ್ಟಿ (ಒಳಗೆ ಹೂರಣ ತುಂಬಿ ಸುಟ್ಟ ದೊಡ್ಡ ಖಾರದ ಕಡುಬು ಅನ್ನಿ), ಕೇಸರಿ ಬನ್ನು, ದ್ರಾಕ್ಷಿ ಹಾಕಿದ ಹೆವಿ ಕೇಕ್. ಈ ಕೇಕ್ ಮೇಲೆ ಮೀನು ಬಲೆಯ ಹಾಗೆ ಚಾಕುವಿನಲ್ಲಿ ಗೆರೆ ಎಳೆಯುತ್ತಾರೆ. ‘ಕಾರ್ನಿಶ್ ಪೇಸ್ಟಿ’ ಅನ್ನುವ ಹೆಸರಿಗೆ 2011ರಿಂದ ಕಾನೂನಿನ ರಕ್ಷಣೆ ಇದೆ. ದನದ ಮಾಂಸ, ಆಲೂಗಡ್ಡೆ, ಸ್ವೀಡ್ ಗಡ್ಡೆ, ಈರುಳ್ಳಿ ಇದ್ದರೇ ಆ ಹೆಸರು. ನನ್ನಂಥ ಸಸ್ಯಾಹಾರಿಗಳಿಗೆ ಚೀಸ್ ಈರುಳ್ಳಿಯದು ಬಂತು. ಅದನ್ನು ಕಾರ್ನಿಶ್ ಪೇಸ್ಟಿ ಅಂತ ಕರೆಯಬೇಡ ಅಂತ ಅಡುಗೆಮನೆಯಲ್ಲಿ ಎಚ್ಚರಿಸಿದರು. ಕರೆಯಲಿಲ್ಲ, ಎರಡು ತಿಂದೆ.

ನೆಕ್ ಮುಂದಿನ ಕೊಯ್ಲಿನವರೆಗೆ ರೈತರ ಮನೆಯಲ್ಲಿರುತ್ತದೆ. ಗೋಡೆಗೆ ಒರಗಿಸಿ ತೂಗಿದರೆ ಇಲಿ ಬಂದು ಕಾಳು ಖಾಲಿ ಮಾಡುತ್ತದೆ. ತೊಲೆಯಿಂದ ತೆಳ್ಳನೆಯ ತಂತಿಯಲ್ಲಿ ಇಳಿಬಿಡಿ. ಹಿಂದೆ ಅದರ ಕಾಳನ್ನು ಮುಂದಿನ ಬಿತ್ತನೆಗೆ ಬೆರೆಸುವುದೂ ಇತ್ತಂತೆ. ಇದನ್ನು ಹೇಳಿದ್ದೇ ತಡ, ನಮ್ಮ ರೈತರು ಈ ಸಲ ಪಟ್ಟಿ ಸ್ವಲ್ಪ ಅಗಲ ಮಾಡುತ್ತೇನೆ, ಆದರೆ ಗೇಟಿನ ಹತ್ತಿರ ಅಲ್ಲ, ಟ್ರ್ಯಾಕ್ಟರಿಗೆ ಅಡ್ಡ ಆಗುತ್ತೆ ಅಂದರು. ಮೇಲಿನ ಹೊಲದಲ್ಲಿ ಮಾಡಿದರೆ ಕಾರು ಎಲ್ಲಿ ನಿಲ್ಲಿಸುವುದು ಅನ್ನುವ ಚರ್ಚೆ ಕಮಿಟಿಯಲ್ಲಿ ಈಗ ನಡೆದಿದೆ.