ನನ್ನದೇ ಸರ, ಮುಚ್ಚಳಿಕೆ ಬರೆದುಕೊಟ್ಟು ಪಡೆದದ್ದು

2024ರ ಸೆಪ್ಟೆಂಬರ್‌ನ ಒಂದು ಮುಂಜಾನೆ ವಾಕಿಂಗ್ ಮುಗಿಸಿ ಮನೆಯ ಗೇಟಿನ ಚಿಲಕಕ್ಕೆ ಕೈ ಹಾಕಿದ್ದೆ. ಬೈಕೊಂದು ನಿಂತಿತು. ಹಿಂದೆ ಕುಳಿತವನು ವಿಳಾಸ ಕೇಳಿದ. ನಾನು ಕೈ ತೋರಿಸಲು ತಿರುಗಿದ್ದಷ್ಟೇ, ಕತ್ತಿನ ಹಿಂಭಾಗ ಉರಿಯಿತು. 32 ಗ್ರಾಂ ಸರ, ತಾಳಿ ಸಮೇತ ಹೋಯಿತು. ಅಪರಾಧದ ಕಥೆ ಇಷ್ಟೇ, ಹತ್ತು ಸೆಕೆಂಡಿನದು. ಉಳಿದದ್ದೆಲ್ಲ ಆ ಸರದ ಹಿಂದೆ ನಾನು ಅಲೆದ ಕಥೆ.

ಠಾಣೆಯಲ್ಲಿದ್ದವರು ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ, "ಅಮ್ಮಾ, ಸರ ಕಳೆದುಹೋಗಿದೆ ಎಂದು ಬರೆದುಕೊಡಿ, ಸ್ವೀಕೃತಿ ಕೊಡುತ್ತೇವೆ" ಎಂದರು. ಕಳೆದುಹೋಗುವುದಕ್ಕೂ ಕಿತ್ತುಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸ ನನ್ನ ಕತ್ತಿನ ಮೇಲೆ ಗೆರೆಯಾಗಿ ಕಾಣುತ್ತಿತ್ತು. ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಿದೆ. ಸಂಜ್ಞೇಯ ಅಪರಾಧವೆಂದು, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧವೆಂದು, ದೂರಿನಲ್ಲೇ ಕಾಣುತ್ತಿದ್ದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ ಎಂದರು. ನಾನು ಜಗಳವಾಡಲಿಲ್ಲ. "ಇಲ್ಲಿ ಆಗದಿದ್ದರೆ ಇದೇ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳುಹಿಸುತ್ತೇನೆ" ಎಂದೆ. ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಂ ಹೇಳುವುದೂ ಅದನ್ನೇ. ಅರ್ಧ ಗಂಟೆಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಅಡಿ, ಅಂದರೆ ಕಿತ್ತುಕೊಂಡು ಹೋದ ಅಪರಾಧವೆಂದೇ, ಪ್ರಕರಣ ದಾಖಲಾಯಿತು. ಪ್ರತಿ ಉಚಿತವಾಗಿ ಕೈಗೆ ಬಂತು.

ಅಲ್ಲೇ ತಪ್ಪು ಮಾಡಿದೆ. ನಾನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. "ಸದರಿ ಆಸಾಮಿಗಳು ಕಪ್ಪು ಬಣ್ಣದ ಬೈಕಿನಲ್ಲಿ" ಎಂದು ಬರೆದಿದ್ದರು. ನಾನು ಹೇಳಿದ್ದು ಗಾಢ ಬಣ್ಣ ಎಂದು. ಓದಿದೆ, ಆದರೆ ಮನೆಗೆ ಹೋದರೆ ಸಾಕು ಎಂಬ ಅವಸರದಲ್ಲಿ ಸಹಿ ಹಾಕಿಬಿಟ್ಟೆ. ಆ ಒಂದು ಪದ ಮುಂದೆ ನನ್ನನ್ನು ಹುಡುಕಿಕೊಂಡು ಬಂತು.

ತಿಂಗಳುಗಟ್ಟಲೆ ಯಾವಾಗ ಹೋದರೂ "ಸಾಹೇಬರು ಬಂದೋಬಸ್ತ್‌ಗೆ ಹೋಗಿದ್ದಾರೆ" ಎಂಬ ಉತ್ತರವೇ. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕೆಂದು ಅದೇ ಸುರಕ್ಷಾ ಸಂಹಿತೆಯ 193ನೇ ಕಲಮಿನಲ್ಲಿದೆ. ಅದನ್ನು ನಮೂದಿಸಿ ಪತ್ರ ಬರೆದು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆ. ನಾಲ್ಕನೇ ದಿನ ಮೊಬೈಲ್‌ಗೆ ಎರಡು ಸಾಲಿನ ಸಂದೇಶ ಬಂತು. ಬಾಯಿಮಾತಿಗೆ ಅಲುಗದ ಮೇಜು ಮೊಹರಿಗೆ ಅಲುಗುತ್ತದೆ.

ಆಮೇಲೆ ಒಬ್ಬ ಸಿಕ್ಕಿಬಿದ್ದ. ಕಾರಾಗೃಹದಲ್ಲಿ ತಹಶೀಲ್ದಾರರ ಮುಂದೆ ಗುರುತು ಪತ್ತೆ ಪರೇಡ್ ನಡೆಯಿತು. ವಿಳಾಸ ಕೇಳಿದ ಮುಖ ಅದೇ. ಸರ ಮಾತ್ರ ಸರವಾಗಿ ಉಳಿದಿರಲಿಲ್ಲ, ಕರಗಿಸಿದ 27 ಗ್ರಾಂ ಗಟ್ಟಿಯಾಗಿತ್ತು. ತಾಳಿಯೂ ಅದರೊಳಗೇ ಎಲ್ಲೋ ಇರಬೇಕು.

ಮುದ್ದೆಮಾಲನ್ನು, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುವನ್ನು, ತೀರ್ಪಿಗೆ ಮೊದಲೇ ಮಧ್ಯಂತರ ವಶಕ್ಕೆ ಪಡೆಯಬಹುದೆಂದು ಠಾಣೆಯಲ್ಲಿ ಯಾರೂ ಹೇಳಲಿಲ್ಲ, ವಕೀಲರು ಹೇಳಿದರು. ಸುರಕ್ಷಾ ಸಂಹಿತೆಯ 497ನೇ ಕಲಂ ಅಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆವು. ಬೆಲೆಬಾಳುವ ವಸ್ತುಗಳನ್ನು ಠಾಣೆಯಲ್ಲಿ ವರ್ಷಾನುಗಟ್ಟಲೆ ಇಟ್ಟುಕೊಂಡು ಪ್ರಯೋಜನವಿಲ್ಲ, ಮಹಜರು ಮಾಡಿ, ಫೋಟೊ ತೆಗೆದು, ಮುಚ್ಚಳಿಕೆ (ಷರತ್ತು ಪಾಲಿಸುವ ಲಿಖಿತ ಬದ್ಧತೆ) ಪಡೆದು ಹಿಂದಿರುಗಿಸಿ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿರುವುದನ್ನು ಅರ್ಜಿಗೆ ಲಗತ್ತಿಸಿದೆವು. ಸರ ನನ್ನದೇ ಎನ್ನಲು ರಸೀದಿ ಇರಲಿಲ್ಲ, ಅಮ್ಮ ಮಾಡಿಸಿದ್ದು. ಮದುವೆಯ ಫೋಟೊ ಇತ್ತು. ಜೊತೆಗೆ ಹಿಂದೊಮ್ಮೆ ಯಾರಿಗೂ ಹೇಳದೆ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದೆ. ಆ ಸಾಲದ ಚೀಟಿಯಲ್ಲಿ ತೂಕ, ಎಳೆ, ತಾಳಿಯ ಸಂಖ್ಯೆ ಎಲ್ಲ ನಮೂದಾಗಿತ್ತು. ನಾಚಿಕೆಯಿಂದ ಮುಚ್ಚಿಟ್ಟಿದ್ದ ಕಾಗದವನ್ನೇ ನ್ಯಾಯಾಧೀಶರು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. ಸರ್ಕಾರಿ ಅಭಿಯೋಜಕರು ತಕರಾರು ಸಲ್ಲಿಸಿದರು. ಅದು ವಾಡಿಕೆಯಂತೆ, ನನ್ನ ಮೇಲಿನ ಸಿಟ್ಟಲ್ಲವಂತೆ. 2 ಲಕ್ಷ ರೂಪಾಯಿಯ ಮುಚ್ಚಳಿಕೆ, ಪಹಣಿ ಹಿಡಿದು ಬಂದ ಅಣ್ಣನ ಜಾಮೀನು, ಮಾರುವುದಿಲ್ಲ, ರೂಪ ಬದಲಿಸುವುದಿಲ್ಲ, ಕರೆದಾಗ ಹಾಜರುಪಡಿಸುತ್ತೇನೆ ಎಂಬ ಷರತ್ತುಗಳು. ಇಷ್ಟಾದ ಮೇಲೆ ಗಟ್ಟಿ ಕೈಗೆ ಬಂತು.

ಸಾಕ್ಷಿಗೆ ಸಮನ್ಸ್ ಬಂದಾಗ ಕಾಗದದಲ್ಲಿ ನನ್ನ ಹೆಸರಿನ ಮುಂದೆ 'ಚಾಸಾ-1' ಎಂದಿತ್ತು, ಅಂದರೆ ಚಾರ್ಜ್‌ಶೀಟಿನ ಒಂದನೇ ಸಾಕ್ಷಿ. ಆರೋಪಿಗೆ ವಕೀಲರು, ಸರ್ಕಾರಕ್ಕೆ ವಕೀಲರು. ಸರ ಕಳೆದುಕೊಂಡವಳು ಒಂದನೇ ಸಾಕ್ಷಿ. ಎರಡು ಸಲ ವಾಯಿದೆ ಬಿತ್ತು. ಎರಡೂ ಸಲ ಗಟ್ಟಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿಬಂದೆ. ವರಾಂಡದಲ್ಲಿ ಇದ್ದದ್ದು ಒಂದೇ ಬೆಂಚು. ಜಾಮೀನಿನ ಮೇಲಿದ್ದ ಅವನೂ ಅದರ ಮೇಲೇ ಕುಳಿತಿದ್ದ. ನನ್ನನ್ನು ಕಂಡು ಸರಿದು ಜಾಗ ಕೊಟ್ಟ. ನಾನು ನಿಂತೇ ಇದ್ದೆ. ಸಂತ್ರಸ್ತರು ಕಾಯಲು ಬೇರೆ ಕೋಣೆ ಇದೆಯೇ ಎಂದು ಮೊದಲೇ ಕೇಳಬಹುದಿತ್ತೆಂದು ಆಮೇಲೆ ಹೊಳೆಯಿತು.

ಆರೋಪಿಯ ವಕೀಲರು ನನ್ನನ್ನು ಪ್ರಶ್ನಿಸಿದ ಪಾಟೀಸವಾಲಿನಲ್ಲಿ ಆ ಪದ ಬಂದೇ ಬಂತು. ಜಪ್ತಿಯಾದ ಬೈಕು ಕಡು ನೀಲಿ, ದೂರಿನಲ್ಲಿರುವುದು ಕಪ್ಪು. "ನೀವು ಬೈಕನ್ನು ನೋಡಿಯೇ ಇಲ್ಲ ಎಂದರೆ?" ನನ್ನ ಉತ್ತರ "ಸರಿಯಲ್ಲ" ಎಂದು ಟೈಪಾಯಿತು. "ಈ ಗಟ್ಟಿ ನಿಮ್ಮ ಸರದ್ದೇ ಎಂದು ಹೇಗೆ ಹೇಳುತ್ತೀರಿ?" ಕರಗಿದ ಚಿನ್ನದಲ್ಲಿ ಏನನ್ನು ಗುರುತಿಸಲಿ? ಕರಗಿಸಿದವರು ಹೇಳಬೇಕು, ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ ಎಂದು ನನ್ನ ಪರಿಚಯದ ವಕೀಲರು ಮೊದಲೇ ಹೇಳಿಕೊಟ್ಟಿದ್ದರು. ಇಡೀ ದಿನದಲ್ಲಿ ನನ್ನನ್ನು ಕಾಪಾಡಿದ್ದು ಆ ಮಾತು.

ಮುಂದಿನ ಸಾಕ್ಷಿಗಳು ಇನ್ನೂ ಬಾಕಿ. ಅಕ್ಕಸಾಲಿಗರು ಹೊಸ ತಾಳಿಯ ಮಾತೆತ್ತುತ್ತಾರೆ, ನಾನು ತಡೆಯಿರಿ ಎನ್ನುತ್ತೇನೆ. ಅವನು ಕರಗಿಸಿದ್ದನ್ನು ತೀರ್ಪು ಬರುವವರೆಗೆ ನಾನು ಕರಗಿಸುವಂತಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗಿದೆ, ನ್ಯಾಯಾಲಯದ ಚೀಟಿ ಅಂಟಿಸಿಕೊಂಡು: ಮು.ಮಾ.1.