ಹಿತ್ತಲಲ್ಲಿ ಗ್ಯಾರೇಜ್ ಕಟ್ಟಿಸುವ ಮುಂಚೆ: ಅಮೆರಿಕಕ್ಕೆ ಬಂದ ನಮ್ಮ ಕಡೆಯವರಿಗೆ

ಹುಬ್ಬಳ್ಳಿ, ಧಾರವಾಡ, ಗದಗ ಕಡೆಯಿಂದ ಬಂದು ಅಮೆರಿಕದಲ್ಲಿ ಮನೆ ಕೊಂಡವರಿಗೆ ಬೇಗನೇ ಒಂದು ಆಸೆ ಹುಟ್ಟುತ್ತದೆ. ಹಿತ್ತಲಲ್ಲಿ ಇಷ್ಟು ಜಾಗ ಇದೆ, ಬೇರೆಯೇ ಒಂದು ಗ್ಯಾರೇಜ್ ಕಟ್ಟಿಸೋಣ ಅಂತ. ಊರಿಂದ ಅಪ್ಪನೂ ಫೋನಿನಲ್ಲಿ ಹೇಳುತ್ತಾರೆ: ‘ನಮ್ಮ ಜಾಗಾದಾಗ ನಾವು ಕಟ್ಟಾಕ ಯಾರನ್ನ ಕೇಳ್ಬೇಕು?’ ನವನಗರದಲ್ಲಿ ಕಾಂಪೌಂಡಿಗೆ ಹಚ್ಚಿ ನಾಲ್ಕು ಕಂಬ ನೆಟ್ಟು, ಮೇಲೆ ಪತ್ರಾಸ್ ಹೊದಿಸಿ ಕಾರು ನಿಲ್ಲಿಸಿದವರ ಮಾತು ಅದು. ಪಾಲಿಕೆಯ ನಿಯಮ ಅಲ್ಲೂ ಇದೆ. ಆದರೆ ಮುಂದೆ ಯಾವಾಗಲಾದರೂ ಸಕ್ರಮ ಆದೀತು ಅನ್ನುವ ಧೈರ್ಯವೂ ಇದೆ. ಆ ಧೈರ್ಯ ಇಲ್ಲಿ ಬೇಡ.

ಇಲ್ಲಿ ದೇಶಕ್ಕೆಲ್ಲ ಒಂದೇ ನಿಯಮ ಇಲ್ಲ. ಮನೆ ಸಿಟಿಯೊಳಗಿದ್ದರೆ ಸಿಟಿಯದು, ಹೊರಗಿದ್ದರೆ ಬಹಳ ಕಡೆ ಕೌಂಟಿಯದು, ಅಂದರೆ ನಮ್ಮ ಜಿಲ್ಲೆಯಂಥದ್ದರದು. ಡಲ್ಲಾಸ್‌ನಲ್ಲಿರುವ ಗೆಳೆಯ ಹೇಳಿದ್ದು ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ. ‘ಸಣ್ಣದಕ್ಕೆ ಪರ್ಮಿಟ್ ಬೇಡ’ ಅಂತ ಯಾರಾದರೂ ಅಂದರೆ, ಅದು ಸಾಮಾನು ಇಡುವ ಶೆಡ್ಡಿನ ಮಾತು. ಅದಕ್ಕೂ ಕೆಲವು ಕಡೆ 120, ಇನ್ನು ಕೆಲವು ಕಡೆ 200 ಚದರ ಅಡಿ ಮಿತಿ. ಎರಡು ಕಾರಿನ ಗ್ಯಾರೇಜ್ ಅಂದರೆ 20 ಅಡಿಗೆ 20 ಅಡಿ ಹಿಡಿದರೂ 400 ಆಯಿತಲ್ವಾ? ಕರೆಂಟ್ ಎಳೆದರೆ ಅದಕ್ಕೆ ಸಾಮಾನ್ಯವಾಗಿ ಬೇರೆ ಪರ್ಮಿಟ್.

ನನ್ನ ಸಲಹೆ ಕೇಳಿದರೆ, ಕಾಂಟ್ರಾಕ್ಟರ್‌ಗೆ ಫೋನ್ ಮಾಡುವ ಮೊದಲು ಮನೆ ಕೊಂಡಾಗ ಬಂದ ಕಾಗದಗಳಲ್ಲಿ ಸರ್ವೆ ನಕ್ಷೆ ಹುಡುಕಿ. ಉತಾರದ ಹಾಗೆ ಅದನ್ನು ಫೈಲಿಗೆ ಸೇರಿಸಿ ಮರೆತವರೇ ಜಾಸ್ತಿ. ಅದರಲ್ಲಿ ಹಿಂದಿನ ಬೇಲಿಗೆ ಸಮಾನಾಂತರವಾಗಿ ಒಂದು ಚುಕ್ಕಿಗೆರೆ ಕಾಣಬಹುದು. ಪಕ್ಕದಲ್ಲಿ ‘ಯುಟಿಲಿಟಿ ಈಸ್‌ಮೆಂಟ್’ ಅಂತ ಬರೆದಿರುತ್ತದೆ. ಬೇಲಿಗೂ ಆ ಗೆರೆಗೂ ನಡುವಿನ ಜಾಗ ನಿಮ್ಮದೇ, ತೆರಿಗೆ ಕಟ್ಟುವವರೂ ನೀವೇ. ಆದರೆ ವಿದ್ಯುತ್, ನೀರು, ಚರಂಡಿಯವರು ಅಲ್ಲಿ ಅಗೆಯಬಹುದು. ಹಾಗಾಗಿ ಅಲ್ಲಿ ಗ್ಯಾರೇಜ್ ಏಳುವುದಿಲ್ಲ. ಇದರ ಮೇಲೆ ಸೆಟ್‌ಬ್ಯಾಕ್ ಬೇರೆ, ಅಂದರೆ ಗಡಿಯಿಂದ ಕಟ್ಟದೆ ಬಿಡಬೇಕಾದ ಜಾಗ. ಮೂಲೆ ಪ್ಲಾಟ್ ಆದರೆ ಎಷ್ಟೋ ಊರುಗಳಲ್ಲಿ ಎರಡೂ ರಸ್ತೆ ಕಡೆ ಜಾಸ್ತಿ ಜಾಗ ಬಿಡಬೇಕು. ನಮ್ಮ ಕಡೆ ಮೂಲೆ ಪ್ಲಾಟಿಗೆ ರೇಟು ಜಾಸ್ತಿ, ಇಲ್ಲಿ ಅದರದೇ ತಲೆನೋವು! ಇಷ್ಟೆಲ್ಲ ಕಳೆದ ಮೇಲೆ ಉಳಿಯುವ ಜಾಗ ನೋಡಿ ಎಷ್ಟೋ ಜನ ಎರಡು ಕಾರಿನ ಗ್ಯಾರೇಜನ್ನು ಒಂದಕ್ಕೆ ಇಳಿಸುತ್ತಾರೆ.

ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ ಇದ್ದರೆ ಅದರ ಒಪ್ಪಿಗೆ ಬೇರೆ, ಸಿಟಿಯ ಪರ್ಮಿಟ್ ಬೇರೆ. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ. ಛಾವಣಿಯ ಬಣ್ಣದವರೆಗೂ ಎಚ್‌ಒಎಯವರು ಕೇಳುತ್ತಾರೆ. ವಾದ ಮಾಡಿ ಪ್ರಯೋಜನ ಇಲ್ಲ.

ಅಗೆಯುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ. ನೆಲದೊಳಗಿನ ಲೈನುಗಳನ್ನು ಗುರುತಿಸಿಕೊಡುವ ಸೇವೆಯ ನಂಬರ್ ಅದು, ಪುಕ್ಕಟೆ. ಬಂದು ಹುಲ್ಲಿನ ಮೇಲೆ ಬಣ್ಣ ಹೊಡೆದು ಹೋಗುತ್ತಾರೆ. ಕೆಂಪು ಅಂದರೆ ಕರೆಂಟ್, ಹಳದಿ ಗ್ಯಾಸ್, ನೀಲಿ ಕುಡಿಯುವ ನೀರು, ಹಸಿರು ಚರಂಡಿ. ಹುಲ್ಲಿಗೆ ನೀರು ಬಿಡುವ ಸ್ಪ್ರಿಂಕ್ಲರ್ ಪೈಪಿನಂಥ ನಿಮ್ಮ ಸ್ವಂತ ಲೈನುಗಳನ್ನು ಸಾಮಾನ್ಯವಾಗಿ ಅವರು ಗುರುತಿಸುವುದಿಲ್ಲ, ಅವನ್ನು ನೀವೇ ಹುಡುಕಿಕೊಳ್ಳಬೇಕು.

ಪರ್ಮಿಟ್ ಬಂದ ಮೇಲೆ ಇನ್‌ಸ್ಪೆಕ್ಷನ್‌ಗಳು. ಪಾಯಕ್ಕೆ ಅಗೆದು, ಕಬ್ಬಿಣ ಕಟ್ಟಿ, ಕಾಂಕ್ರೀಟ್ ಹಾಕದೆ ನಿಲ್ಲಿಸಬೇಕು. ಇನ್‌ಸ್ಪೆಕ್ಟರ್ ಬಂದು ಆಳ ಅಳೆದು, ಕಬ್ಬಿಣ ನೋಡಿ ಹೂಂ ಅಂದ ಮೇಲೆಯೇ ಮುಂದಿನ ಕೆಲಸ. ವೈರಿಂಗ್ ಕೂಡ ಹಾಗೆಯೇ, ಅವರು ನೋಡುವ ಮುಂಚೆ ಗೋಡೆ ಮುಚ್ಚುವಂತಿಲ್ಲ. ಮುಚ್ಚಿದರೆ ಬಿಚ್ಚಿಸಿ ನೋಡಬಹುದು. ಊರಿನಲ್ಲಿ ಗೌಂಡಿ ಬಂದ ದಿನ ಕೆಲಸ ಓಡಿಸುವುದೇ ರೂಢಿಯಾದ್ದರಿಂದ ನಮ್ಮವರಿಗೆ ಈ ಕಾಯುವಿಕೆ ಬಹಳ ಬೇಜಾರು. ಹಾಗಂತ ತೀರಾ ನಿಧಾನವೂ ಆಗಬಾರದು. ಬಹಳ ಊರುಗಳಲ್ಲಿ 180 ದಿನದೊಳಗೆ ಕೆಲಸ ಶುರುವಾಗದಿದ್ದರೆ ಪರ್ಮಿಟ್ ರದ್ದು.

ಕಾಂಟ್ರಾಕ್ಟರ್ ವಿಷಯದಲ್ಲಿ ಒಂದು ಗುಮಾನಿ ಇಟ್ಟುಕೊಳ್ಳಿ. ‘ಪರ್ಮಿಟ್ ನಿಮ್ಮ ಹೆಸರಲ್ಲೇ ತೆಗೀರಿ, ದುಡ್ಡು ಉಳಿಯುತ್ತೆ’ ಅಂದರೆ, ಕೆಲಸ ಕೆಟ್ಟಾಗ ಕಚೇರಿಯವರು ಹುಡುಕಿಕೊಂಡು ಬರುವುದು ನಿಮ್ಮನ್ನು. ಅವನಿಗೆ ಲೈಸೆನ್ಸ್ ಇದೆಯಾ ಅಂತ ಅವತ್ತೇ ನೋಡಿ. ಕೊನೆಯ ಕಂತಿನ ಹಣವನ್ನು ಫೈನಲ್ ಇನ್‌ಸ್ಪೆಕ್ಷನ್ ಪಾಸಾದ ಮೇಲೆ ಕೊಡುವುದಾಗಿ ಕರಾರಿನಲ್ಲೇ ಬರೆಸಿ. ಆ ಪಾಸಾದ ಕಾಗದವನ್ನು ಸರ್ವೆ ನಕ್ಷೆಯ ಜೊತೆಗೇ ಇಡಿ, ಮನೆ ಮಾರುವಾಗ ಕೊಳ್ಳುವವರು ಕೇಳುತ್ತಾರೆ. ಗ್ಯಾರೇಜ್ ಎದ್ದ ಮೇಲೆ ಮನೆಯ ತೆರಿಗೆಯೂ ಏರಬಹುದು, ಅದನ್ನು ಮೊದಲೇ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.